ಬಾವುಟ ಇಳಿಸಿದ ಮರುದಿನ ದೇಶಭಕ್ತಿ ಅಂದ್ರೆ ಎಂತ?

ಕೊಟ್ಟಾರದ ಕಾರ್ಯದರ್ಶಿ:
ಮಂಗಳೂರಿನ ಕೊಟ್ಟಾರದ ನಮ್ಮ ಫ್ಲ್ಯಾಟ್ ಸಂಘದಲ್ಲಿ ಈ ಸಲ ಆಗಸ್ಟ್ 15ಕ್ಕೆ ಹೊಸ ಧ್ವಜಸ್ತಂಭ ಹಾಕುವ ಮಾತು ಬಂದಿದೆ. ಕಂಬ, ಬಾವುಟ, ಭಾಷಣ, ಲಾಡು ಇಷ್ಟು ಚಂದಕ್ಕೆ ಆದರೆ ಸಾಕು ಅಂತ ಒಂದು ಕಡೆಯವರು. ಅದೇ ದುಡ್ಡಿಗೆ ಕಸದ ಡಬ್ಬಿ ತನ್ನಿ, ಅದೇ ದೇಶಭಕ್ತಿ ಅಂತ ಇನ್ನೊಂದು ಕಡೆಯವರು. ಎರಡೂ ಕಡೆ ಗಂಟಲು ದೊಡ್ಡದೇ. ನನಗೆ ಎರಡು ವಿಷಯ ಬೇಕು. ಒಂದು, ಆಟಿಯ (ತುಳು ಪಂಚಾಂಗದ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲಿ ಧ್ವಜಾರೋಹಣ ಸರಿಯಾಗಿ ಮಾಡುವ ಕ್ರಮ. ಇನ್ನೊಂದು, ಸಾಮಾನ್ಯ ಜನ ದೇಶಕ್ಕೆ ಅಂತ ಮಾಡಬಹುದಾದ, ಲೆಕ್ಕಕ್ಕೆ ಸಿಗುವ ಕೆಲಸ ಯಾವುದು. ಅನುಭವದ ಕಥೆ ಬೇಡ. ಗೊತ್ತಿದ್ದವರು ಅಳತೆ, ಕ್ರಮ, ಎಲ್ಲಿ ತಪ್ಪುತ್ತದೆ ಅಂತ ಹೇಳಿ.

ಪಿಟಿ ಮಾಸ್ಟ್ರು:
ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ತಾಳ್ಮೆ ಇರಲಿ.

ಕಂಬದಿಂದ ಸುರು ಮಾಡುವ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಪೇಟೆಯಲ್ಲಿ 20 ಅಡಿ ಉದ್ದಕ್ಕೇ ಬರುತ್ತದೆ, ಫ್ಲ್ಯಾಟ್ ಅಂಗಳಕ್ಕೆ ಅಷ್ಟು ಧಾರಾಳ. ಎರಡೂವರೆ ಅಡಿ ನೆಲದೊಳಗೆ ಕಾಂಕ್ರೀಟಿನಲ್ಲಿ ಹೋಗಲಿ. ಮೇಲಿನ ಬಾಯಿ ಮುಚ್ಚಳದಿಂದ ಮುಚ್ಚಿರಲೇಬೇಕು. ಇಲ್ಲದಿದ್ದರೆ ಮಳೆನೀರು ಒಳಗೆ ನಿಂತು ನಾಲ್ಕೈದು ವರ್ಷದಲ್ಲಿ ಪೈಪು ಬುಡದಲ್ಲೇ ತುಕ್ಕು ತಿನ್ನುತ್ತದೆ. ಹೊರಗಿಂದ ಬಣ್ಣ ಹೊಳೆಯುತ್ತಿರುತ್ತದೆ, ಕಂಬ ಬೀಳುವ ದಿನವೇ ಗೊತ್ತಾಗುವುದು. ರಾಟೆ ಹಿತ್ತಾಳೆಯದ್ದು ಅಥವಾ ಸ್ಟೀಲಿನದ್ದು ತನ್ನಿ. ಕಬ್ಬಿಣದ್ದು ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಹಗ್ಗ ಹತ್ತಿಯದ್ದು ಬೇಡ, ನೆನೆದರೆ ಉಬ್ಬಿ ರಾಟೆಯಲ್ಲಿ ಸಿಕ್ಕುತ್ತದೆ. 6 ಮಿ.ಮೀ. ನೈಲಾನ್ ಹಗ್ಗ, ಕಂಬದ ಎತ್ತರದ ಎರಡು ಪಾಲು ಮತ್ತು ಗಂಟಿಗೆ ಐದಡಿ, ಅಂದರೆ 45 ಅಡಿ ಸಾಕು.

ಜಾಗ ನೋಡುವಾಗ ಮೇಲೆ ನೋಡಿ. ಕರೆಂಟಿನ ತಂತಿ ಇರುವ ಬದಿಗೆ ಕಂಬ ಬೇಡವೇ ಬೇಡ. ಕಂಬ ಎತ್ತುವಾಗ ವಾಲಿದರೂ ತಂತಿಗೆ ತಾಗದಷ್ಟು, ಅಂದರೆ ಕಂಬದ ಪೂರ್ತಿ ಉದ್ದಕ್ಕಿಂತ ಹೆಚ್ಚು ದೂರ ಇರಬೇಕು. ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಪತ್ರಿಕೆಯಲ್ಲಿ ಬರುವ ಸಾವುಗಳಲ್ಲಿ ಕಬ್ಬಿಣದ ಕಂಬ ತಂತಿಗೆ ತಾಗಿದ್ದೂ ಇರುತ್ತದೆ.

ಬಾವುಟದ ಉದ್ದ ಅಗಲ 3:2. ಭಾರತದ ಧ್ವಜ ಸಂಹಿತೆಯಲ್ಲಿ ಒಂಬತ್ತು ಅಳತೆ ಉಂಟು, 6300×4200 ಮಿ.ಮೀ.ಯಿಂದ 150×100ರ ತನಕ. 20 ಅಡಿ ಕಂಬಕ್ಕೆ 1350×900 ಹೊಂದುತ್ತದೆ. ಅದರ ಚಕ್ರದ ವ್ಯಾಸ 280 ಮಿ.ಮೀ. 900×600 ತಂದರೆ ಚಕ್ರ 185. ಕೊಳ್ಳುವಾಗ ಟೇಪು ಹಿಡಿದು ನೋಡಿ. ಅಗ್ಗದ ಬಾವುಟಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅರಗಳು 24 ಇರುವುದಿಲ್ಲ, ಒಂದೇ ಮಗ್ಗುಲಿಗೆ ಅಚ್ಚಾಗಿರುತ್ತದೆ. ಖಾದಿಯೇ ಆಗಬೇಕೆಂಬ ನಿಯಮ ಈಗ ಇಲ್ಲ. 2021ರ ಡಿಸೆಂಬರ್ ತಿದ್ದುಪಡಿಯಲ್ಲಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಬಂತು. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾವುಟ ಹೊಲಿಯುವವರು, ಅದಕ್ಕೆ ಖಾದಿ ನೂಲುವವರು, ನೇಯುವವರು ಈ ಕೆಲಸವನ್ನೇ ನಂಬಿದ್ದಾರೆ ಎಂಬುದು ನೆನಪಿರಲಿ. ಒಂದು ದಿನದ ಕಾರ್ಯಕ್ರಮಕ್ಕೆ ಖಾದಿ ತನ್ನಿ ಅಂತ ನನ್ನ ಶಿಫಾರಸು. ನೆನೆದರೆ ಭಾರವಾಗಿ ಜೋತು ಬೀಳುತ್ತದೆ, ಅದು ನಿಜ.

ಕಟ್ಟುವ ಕ್ರಮ. ನೆಲದ ಮೇಲೆ ಬೇಡ, ಮೇಜಿನ ಮೇಲೆ, ಇಬ್ಬರು. ಕೇಸರಿ ಬದಿಯ ಗೂಟ ಅಥವಾ ಕುಣಿಕೆ ಹಗ್ಗದ ಯಾವ ತುದಿಗೆ ಹೋಗಬೇಕು ಅಂತ ಮೊದಲೇ ಕೆಂಪು ನೂಲು ಸುತ್ತಿ ಗುರುತು ಮಾಡಿ. ತಲೆಕೆಳಗಾಗುವ ತಪ್ಪು ಹೆಚ್ಚಾಗಿ ಇಲ್ಲಿಯೇ ಆಗುವುದು. ಆಮೇಲೆ ಬಾವುಟವನ್ನು ಉದ್ದಕ್ಕೆ ಎರಡು ಸಲ ಮಡಚಿ ಪಟ್ಟಿ ಮಾಡಿ, ಹಾರುವ ತುದಿಯಿಂದ ಹಗ್ಗದ ಕಡೆಗೆ ಸುತ್ತಿಕೊಂಡು ಬನ್ನಿ. ಸುರುಳಿಯ ಸುತ್ತ ಕೆಳಹಗ್ಗವನ್ನು ಎರಡು ಸುತ್ತು ತಂದು, ಹಗ್ಗದ ತುದಿಯನ್ನಲ್ಲ, ಮಡಚಿದ ಕಿವಿಯನ್ನು ಒಳಗೆ ತೂರಿಸಬೇಕು. ಇದು ಜೀರುಗಂಟು, ಎಳೆದರೆ ಬಿಚ್ಚುತ್ತದೆ. ತುದಿಯನ್ನೇ ತೂರಿಸಿದರೆ ಕಗ್ಗಂಟು. ಮುಖ್ಯ ಅತಿಥಿ ಎಳೆದಷ್ಟೂ ಬಿಗಿಯುತ್ತದೆ, ಎಲ್ಲರೂ ಮೇಲೆ ನೋಡುತ್ತಾ ನಿಲ್ಲುತ್ತಾರೆ. ಹೂವಿನ ಎಸಳು ಹಾಕುವುದಕ್ಕೆ ಸಂಹಿತೆಯಲ್ಲಿ ಅಡ್ಡಿ ಇಲ್ಲ, ಆದರೆ ಒಣ ಎಸಳು ಒಂದು ಹಿಡಿ ಮಾತ್ರ. ಒದ್ದೆ ಗೊಂಡೆ ಹೂವು ಬಿಳಿ ಪಟ್ಟಿಗೆ ಅಂಟಿ ಹಳದಿ ಕಲೆ ಬಿಡುತ್ತದೆ. ಮಳೆ ಇದ್ದರೆ ಹೂವೇ ಬೇಡ.

ಹಿಂದಿನ ದಿನ ಸಂಜೆ ಅಷ್ಟೇ ಉದ್ದದ ಒಂದು ಬೈರಾಸು (ಟವೆಲು) ಕಟ್ಟಿ ಮೂರು ಸಲ ಏರಿಸಿ ಇಳಿಸಿ ನೋಡಿ. ಒದ್ದೆ ಬೈರಾಸಿನಲ್ಲೂ ಒಮ್ಮೆ. ಆ ದಿನ ಸಿಕ್ಕಿಕೊಂಡರೆ ಜಗ್ಗಬೇಡಿ, ಯಾರನ್ನೂ ಕಂಬ ಹತ್ತಿಸಬೇಡಿ. ನಿಧಾನಕ್ಕೆ ಇಳಿಸಿ, ಬಿಡಿಸಿ, ಮತ್ತೆ ಏರಿಸಿ. ಅದರಲ್ಲಿ ಅವಮಾನ ಎಂತದೂ ಇಲ್ಲ.

ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಬಾವುಟ ಪೂರ್ತಿ ಅರಳಿದ ಮೇಲೆ ರಾಷ್ಟ್ರಗೀತೆ, 52 ಸೆಕೆಂಡು. ಎಳೆದು ಎಳೆದು ಹಾಡುವ ಅಭ್ಯಾಸ ಶಾಲೆಗಳಿಂದಲೇ ಬಂದದ್ದು, ನಮ್ಮದೇ ತಪ್ಪು. ಮಳೆ ಬಂದರೆ ಮಕ್ಕಳು, ಪ್ರಾಯ ಆದವರು ಮಾಡಿನ ಕೆಳಗೆ ನೇರ ನಿಂತರೆ ಸಾಕು.

ಕೊಟ್ಟಾರದ ಕಾರ್ಯದರ್ಶಿ:
ಮಾಸ್ಟ್ರೇ, ಉಪಕಾರ ಆಯ್ತು. 2022ರ ನಂತರ ರಾತ್ರಿಯೂ ಹಾರಿಸಬಹುದು ಅಂತಾರಲ್ಲ, ಹಾಗಾದರೆ ತಿಂಗಳಿಡೀ ಬಿಡಬಹುದಾ? ಮತ್ತೆ ಹಳೆಯ ಬಾವುಟಗಳು ಒಂದು ರಾಶಿ ಉಂಟು.

ಪಿಟಿ ಮಾಸ್ಟ್ರು:
ಬಿಡಬಹುದು. 2022ರ ಜುಲೈ ತಿದ್ದುಪಡಿಯ ಪ್ರಕಾರ ಬಯಲಲ್ಲೂ ಮನೆಯ ಮೇಲೂ ಹಗಲು ರಾತ್ರಿ ಹಾರಿಸಲಿಕ್ಕೆ ಅವಕಾಶ ಉಂಟು. ಆದರೆ ಹರಿದ, ಮಾಸಿದ ಬಾವುಟ ಹಾರಿಸಬಾರದು ಎಂಬ ನಿಯಮ ಹಾಗೆಯೇ ಉಳಿದಿದೆ. ಆಗಸ್ಟಿನ ಪಡುಗಾಳಿಗೆ ಹಾರುವ ತುದಿಯ ಹೊಲಿಗೆ ಕೆಲವೇ ದಿನದಲ್ಲಿ ಬಿಚ್ಚುತ್ತದೆ. ದಿನಾ ನೋಡುವವರು ಒಬ್ಬರು ಗೊತ್ತಾದರೆ ಮಾತ್ರ ಬಿಡಿ, ಇಲ್ಲದಿದ್ದರೆ ಸಂಜೆ ಇಳಿಸಿ.

ಇಳಿಸಿದ್ದು ಒದ್ದೆ ಇದ್ದರೆ ಮಡಚಬೇಡಿ. ಕೇಸರಿ ಬಣ್ಣ ಬಿಳಿಗೆ ಇಳಿಯುತ್ತದೆ, ಎರಡೇ ದಿನದಲ್ಲಿ ಬೂಷ್ಟು. ನೆರಳಲ್ಲಿ ಫ್ಯಾನಿನ ಕೆಳಗೆ ಬಿಡಿಸಿ ಒಣಗಿಸಿ. ಮಡಚುವಾಗ ಅಡ್ಡಲಾಗಿ ಹಿಡಿದು, ಕೇಸರಿ ಹಸಿರು ಎರಡನ್ನೂ ಬಿಳಿಯ ಹಿಂದಕ್ಕೆ ಮಡಚಿ. ಅಂಚಿನಲ್ಲಿ ಎರಡೂ ಬಣ್ಣ ಸ್ವಲ್ಪ ಕಾಣಲಿ. ಆಮೇಲೆ ಎಡ ಬಲದಿಂದ ನಡುವಿಗೆ ಮಡಚಿದರೆ ಚಕ್ರ ಮೇಲೆ ಬರುತ್ತದೆ. ಎರಡು ಅಂಗೈ ಮೇಲೆ ಒಯ್ದು ಇಡುವುದು.

ಹಳೆಯ ರಾಶಿ: ಸಂಹಿತೆ ಹೇಳುವುದು ಖಾಸಗಿಯಾಗಿ, ಇಡಿಯಾಗಿ, ಸುಡುವುದು ಉತ್ತಮ, ಅಥವಾ ಗೌರವಕ್ಕೆ ಕುಂದಾಗದ ಬೇರೆ ಕ್ರಮ. ಖಾದಿಯಾದರೆ ಒಣಗಿಸಿ ಸುಡಿ. ಪಾಲಿಯೆಸ್ಟರ್ ಸರಿಯಾಗಿ ಉರಿದು ಬೂದಿಯಾಗುವುದಿಲ್ಲ, ಕರಗಿ ಹೊಗೆ ಬಿಡುತ್ತದೆ. ಅದನ್ನು ಮಡಚಿ ಬಟ್ಟೆಯಲ್ಲಿ ಸುತ್ತಿ ಎರಡಡಿ ಆಳಕ್ಕೆ ಹೂಳುವುದು ಲೇಸು. ಸಾರ್ವಜನಿಕವಾಗಿ, ಫೋಟೋ ತೆಗೆಸಿಕೊಂಡು ಬೇಡ. ಪ್ಲಾಸ್ಟಿಕ್ ಬಾವುಟ ತರಲೇಬೇಡಿ. 2022ರ ಜುಲೈ 1ರಿಂದ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಅದೂ ಉಂಟು. ಆಗಸ್ಟ್ 16ರ ಬೆಳಿಗ್ಗೆ ಚರಂಡಿಯಲ್ಲಿ ಸಿಗುವುದು ಅದೇ.

ಜಪ್ಪಿನ ತರ್ಕ:
ಒಂದು ಬಟ್ಟೆಗೆ ಇಷ್ಟು ಪಾಠ. ಮಾಸ್ಟ್ರ ಬಗ್ಗೆ ಗೌರವ ಉಂಟು, ಆದರೆ ಪ್ರಶ್ನೆಯ ಎರಡನೇ ಭಾಗ ಹಾಗೆಯೇ ಉಳಿಯಿತು. ಜೀರುಗಂಟು ಸರಿ ಹಾಕಿದವನು ದೇಶಭಕ್ತ, ಹಾಡುವಾಗ ತುಟಿ ಆಡಿಸದವನು ದೇಶದ್ರೋಹಿ ಅಂತ ಅಳೆಯುವ ಜನ ಇದೇ ಊರಲ್ಲಿ ಇದ್ದಾರಲ್ಲ.

ಕೋರ್ಟು ಗುಡ್ಡೆ:
ತುಟಿಯ ವಿಷಯಕ್ಕೆ ಕಾನೂನು ಬಹಳ ಸ್ಪಷ್ಟ. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತಿದ್ದಾರೆ, ಧಾರ್ಮಿಕ ನಂಬಿಕೆಯಿಂದ ಹಾಡಿಲ್ಲ, ಅದು ಅಗೌರವ ಅಲ್ಲ ಎಂದು. ಅವರನ್ನು ಶಾಲೆಯಿಂದ ತೆಗೆದದ್ದು ತಪ್ಪಾಯಿತು. 1971ರ ರಾಷ್ಟ್ರಗೌರವ ಕಾಯ್ದೆಯ 3ನೇ ಕಲಂ ಶಿಕ್ಷಿಸುವುದು ಬೇಕೆಂದೇ ಹಾಡಲು ಬಿಡದವರನ್ನು, ಹಾಡುವ ಸಭೆಗೆ ತೊಂದರೆ ಕೊಡುವವರನ್ನು. ಮೂರು ವರ್ಷದ ತನಕ ಸಜೆ. ಸಿನಿಮಾ ಮಂದಿರದಲ್ಲಿ ಕಡ್ಡಾಯ ಎಂದು 2016ರಲ್ಲಿ ಬಂದ ಆದೇಶವನ್ನು 2018ರ ಜನವರಿಯಲ್ಲಿ ಅದೇ ಕೋರ್ಟು ಐಚ್ಛಿಕ ಮಾಡಿತು. ನುಡಿಸಿದರೆ ಎದ್ದು ನಿಲ್ಲಬೇಕು, ಅಷ್ಟೇ.

ಬಾವುಟ ಹಾರಿಸುವುದು ನಾಗರಿಕನ ಹಕ್ಕು ಎಂದಾದದ್ದೂ ಈಚೆಗೇ. 2002ರ ಜನವರಿ 26ಕ್ಕೆ ಹೊಸ ಸಂಹಿತೆ ಜಾರಿಯಾಗುವ ತನಕ ಖಾಸಗಿಯವರು ಕೆಲವೇ ದಿನ ಹಾರಿಸಬಹುದಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೆ ಸೇರಿಸಿತು. ಬಾವುಟವೂ ಪ್ರಶ್ನೆ ಕೇಳುವ ಹಕ್ಕೂ ಒಂದೇ ವಿಧಿಯ ಕೆಳಗೆ ಇವೆ, ಇದನ್ನು ಗಮನಿಸುವವರು ಕಡಿಮೆ.

"ದೇಶಭಕ್ತಿ" ಎಂಬ ಶಬ್ದಕ್ಕೆ ಸಂವಿಧಾನದಲ್ಲಿ ವ್ಯಾಖ್ಯೆ ಹುಡುಕಬೇಡಿ. ಹತ್ತಿರದ್ದು ಅಂದರೆ 51ಎ ವಿಧಿಯ ಮೂಲಭೂತ ಕರ್ತವ್ಯಗಳು. 1976ರ 42ನೇ ತಿದ್ದುಪಡಿಯಲ್ಲಿ ಹತ್ತು ಬಂದವು, ಹನ್ನೊಂದನೆಯದು 2002ರಲ್ಲಿ. ಮೊದಲನೆಯದರಲ್ಲೇ ಧ್ವಜ ಮತ್ತು ಗೀತೆ ಇವೆ, ಆದರೆ ಅವಕ್ಕಿಂತ ಮುಂಚೆ "ಸಂವಿಧಾನಕ್ಕೆ ಬದ್ಧನಾಗಿರುವುದು" ಎಂದಿದೆ. ಆಮೇಲೆ ಭಾಷೆ ಧರ್ಮ ಮೀರಿದ ಸೋದರಭಾವ, ಪರಿಸರ, ವೈಜ್ಞಾನಿಕ ಮನೋಭಾವ, ಸಾರ್ವಜನಿಕ ಆಸ್ತಿ. ತಪ್ಪಿದರೆ ನೇರ ಶಿಕ್ಷೆ ಇಲ್ಲ. ಆದ್ದರಿಂದಲೇ ಅದು ಪಾಠಪುಸ್ತಕದ ಹಿಂಬದಿಯಲ್ಲಿ ಉಳಿದದ್ದು. ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಸಲಹೆಗಾರ ಬೆನಗಲ್ ನರಸಿಂಗ ರಾಯರು ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. ನಿಮ್ಮ ಭಾಷಣಕ್ಕೆ ಬೇಕಾದರೆ ಬಳಸಿಕೊಳ್ಳಿ.

ಮತಪಟ್ಟಿ ಅಕ್ಕ:
ಲೆಕ್ಕಕ್ಕೆ ಸಿಗುವ ಕೆಲಸ ಬೇಕಂದ್ರಲ್ಲ. ಫ್ಲ್ಯಾಟ್‌ಗಳಲ್ಲಿ ಮೊದಲು ಮಾಡಬೇಕಾದ್ದು ಮತದಾರರ ಪಟ್ಟಿ ಸರಿ ಮಾಡುವುದು. ಮತದಾನದ ದಿನ "ಕಾರ್ಡ್ ಉಂಟು, ಹೆಸರಿಲ್ಲ" ಅಂತ ಜಗಳ ಆಗುವುದು ಹೆಚ್ಚಾಗಿ ಫ್ಲ್ಯಾಟಿನವರದ್ದೇ. ಕಾರ್ಡ್ ಬರೇ ಗುರುತು, ಮತ ಹಾಕಲು ಬೇಕಾದ್ದು ಪಟ್ಟಿಯಲ್ಲಿ ಹೆಸರು. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ವರ್ಷಕ್ಕೊಮ್ಮೆ ನೋಡಿಕೊಳ್ಳಿ. ವಿಚಾರಿಸಲಿಕ್ಕೆ 1950 ಸಂಖ್ಯೆ ಉಂಟು.

ಹೊಸ ಹೆಸರಿಗೆ ನಮೂನೆ 6. ಮನೆ ಬದಲಾದರೆ, ಹೆಸರಿನ ಅಕ್ಷರ ತಪ್ಪಿದ್ದರೆ, ಕಾರ್ಡ್ ಕಳೆದರೆ ನಮೂನೆ 8. ತೀರಿಹೋದವರ ಹೆಸರು ತೆಗೆಯಲು ನಮೂನೆ 7. ಹೆಚ್ಚಿನವರು ಮನೆ ಬದಲಾದಾಗ ಮತ್ತೆ 6 ತುಂಬಿಸುತ್ತಾರೆ, ಆಗ ಹೆಸರು ಎರಡು ಕಡೆ ಆಗುತ್ತದೆ. ಎರಡು ಕಡೆ ಇರುವುದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣೆಗೆ ಒಂದು ವರ್ಷದ ತನಕ ಸಜೆ ಉಂಟು. ಊರಲ್ಲೊಂದು ಮುಂಬಯಿಯಲ್ಲೊಂದು ಇಟ್ಟುಕೊಂಡವರು ನಮ್ಮ ಕಡೆ ಕಮ್ಮಿ ಅಲ್ಲ, ಅವರೇ ಆಗಸ್ಟ್ 15ಕ್ಕೆ ದೊಡ್ಡ ಸಂದೇಶ ಕಳುಹಿಸುವುದು. ಬೇಜಾರು ಮಾಡಬೇಡಿ.

18 ತುಂಬುವ ಮಕ್ಕಳಿಗೆ ಈಗ ಜನವರಿ 1 ಮಾತ್ರ ಅಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನ. 17 ಆದ ಮೇಲೆ ಮುಂಗಡ ಅರ್ಜಿ ಕೊಡಬಹುದು. ಪಿಯುಸಿ ಮಕ್ಕಳಿರುವ ಮನೆಗಳ ಪಟ್ಟಿ ಸಂಘದಲ್ಲಿ ಇದ್ದೇ ಇರುತ್ತದೆ, ಅಲ್ವಾ?

ಗಲ್ಫಿನಲ್ಲಿ ಇರುವವರಿಗೆ ನಮೂನೆ 6ಎ, ಬೇರೆ ದೇಶದ ಪೌರತ್ವ ತೆಗೆದುಕೊಂಡಿರಬಾರದು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಭಾಗದಲ್ಲಿ ಹೆಸರು ಸೇರುತ್ತದೆ. ಅವರಿಗೆ ಮತದಾರರ ಕಾರ್ಡ್ ಕೊಡುವುದಿಲ್ಲ, ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದು ಬರಬೇಕು. ಅಲ್ಲಿಂದಲೇ ಮೊಬೈಲಲ್ಲಿ ಮತ ಹಾಕಬಹುದು ಅಂತ ಬರುವ ಸಂದೇಶ ಸುಳ್ಳು, ಮುಂದೆ ಕಳುಹಿಸಬೇಡಿ.

ಚುನಾವಣೆ ಘೋಷಣೆ ಆದ ಮೇಲೆ ಓಡಿದರೆ ತಡ ಆಗುತ್ತದೆ. ಧ್ವಜಾರೋಹಣ ಆದ ಮೇಲೆ ಲಾಡು ಹಂಚುವ ಮೇಜಿನ ಪಕ್ಕ ಇನ್ನೊಂದು ಮೇಜು ಇಟ್ಟು, ನಿಮ್ಮ ಭಾಗದ ಮತಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ ಬಿಎಲ್‌ಒಗೆ ವಾರ ಮೊದಲು ತಿಳಿಸಿ. ಒಂದು ಗಂಟೆಯ ಕೆಲಸ.

ಜಪ್ಪಿನ ತರ್ಕ:
ಅಕ್ಕ ಹೇಳಿದ್ದು ಒಪ್ಪಿದೆ. ಇದು ಫೋಟೋಕ್ಕೆ ಬರುವುದಿಲ್ಲ, ಅದೇ ತೊಂದರೆ.

ರಕ್ತನಿಧಿ ಟೆಕ್ನಿಷಿಯನ್:
ಫೋಟೋಕ್ಕೆ ಬರುವುದರ ಕಥೆ ಹೇಳ್ತೇನೆ ಕೇಳಿ. ಆಗಸ್ಟ್ 15, ಜನವರಿ 26ಕ್ಕೆ ಎಲ್ಲರೂ ರಕ್ತದಾನ ಶಿಬಿರ ಮಾಡುತ್ತಾರೆ. ಒಂದೇ ದಿನ ರಾಶಿ ಯೂನಿಟ್ ಬರುತ್ತದೆ. ಸಾಮಾನ್ಯ ಚೀಲದಲ್ಲಿ ಇಡೀ ರಕ್ತ ಇಡಬಹುದಾದ್ದು 35 ದಿನ, ಪ್ಲೇಟ್‌ಲೆಟ್ ಐದೇ ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ ಅಲುಗಾಡುತ್ತಾ ಇರಬೇಕು. ಆಗಸ್ಟ್ 15ರ ಪ್ಲೇಟ್‌ಲೆಟ್ ಆಗಸ್ಟ್ 20ಕ್ಕೆ ಮುಗಿಯಿತು. ಮಳೆಗಾಲದ ಡೆಂಗ್ಯೂಗೆ ಸೆಪ್ಟೆಂಬರಿನಲ್ಲಿ ಬೇಕಾದಾಗ ದಾನಿಗಳು "ಮೊನ್ನೆ ಕೊಟ್ಟೆವು" ಅಂತಾರೆ. ಅದು ನಿಜವೂ ಹೌದು, ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು.

ಆದ್ದರಿಂದ ಸಂಘ, ಯುವಕ ಮಂಡಲ, ಚರ್ಚು, ಮಸೀದಿ, ದೇವಸ್ಥಾನದವರು ಒಂದೇ ದಿನಕ್ಕೆ ಬೀಳುವ ಬದಲು ತಿಂಗಳು ಹಂಚಿಕೊಳ್ಳಿ. ಒಂದು ಶಿಬಿರದ 60 ಜನರನ್ನು 15ರಂತೆ ನಾಲ್ಕು ತಂಡ ಮಾಡಿದರೆ ರಕ್ತನಿಧಿಗೆ ಎಷ್ಟೋ ಹೆಚ್ಚು ಉಪಯೋಗ. ವರ್ಷಕ್ಕೆ ಬೇಕಾದ ದಿನ ಅವರೇ ಹೇಳುತ್ತಾರೆ, ಕೇಳಿ ನೋಡಿ. ಏಪ್ರಿಲ್, ಮೇ ರಜೆಯಲ್ಲಿ ಕಾಲೇಜು ಮಕ್ಕಳು ಊರಿಗೆ ಹೋದಾಗ ಬರ ಬರುತ್ತದೆ.

ದಾನಿಗೆ 18 ತುಂಬಿರಬೇಕು, ಹಿಮೋಗ್ಲೋಬಿನ್ 12.5, ತೂಕ ಕನಿಷ್ಠ 45 ಕೆ.ಜಿ.; 450 ಮಿ.ಲೀ. ತೆಗೆಯಲು 55ಕ್ಕಿಂತ ಹೆಚ್ಚು. ಮಲೇರಿಯಾ ಬಂದು ಗುಣವಾಗಿ ಮೂರು ತಿಂಗಳಾಗಿರಬೇಕು, ಡೆಂಗ್ಯೂ ಆದರೆ ಆರು ತಿಂಗಳು. ಮಂಗಳೂರಿನಲ್ಲಿ ಇದನ್ನು ಮುಚ್ಚಿಡುವವರು ಉಂಟು, ದಯವಿಟ್ಟು ಬೇಡ. ಆಗಸ್ಟ್ 15ರ ಶಿಬಿರದಲ್ಲಿ ತಲೆ ತಿರುಗಿ ಬೀಳುವವರು ಹೆಚ್ಚು. ಕಾರಣ ಸರಳ: ಬೆಳಿಗ್ಗೆ ಬೇಗ ಎದ್ದು ಬರೇ ಹೊಟ್ಟೆಯಲ್ಲಿ ಧ್ವಜಾರೋಹಣಕ್ಕೆ ನಿಂತು, ಹಾಗೇ ಬಂದು ಮಲಗುತ್ತಾರೆ. ಇಡ್ಲಿ ಸಾಂಬಾರು ತಿಂದು ಎರಡು ಲೋಟ ನೀರು ಕುಡಿದು ಬನ್ನಿ.

ಮಲ್ಪೆ ದಕ್ಕೆ:
ನಮ್ಮದೂ ಎರಡು ಮಾತು. ಆಗಸ್ಟ್ ಸುರುವಿಗೆ ಬೋಟು ಕಡಲಿಗೆ ಇಳಿಯುವಾಗ ಎಲ್ಲರೂ ತ್ರಿವರ್ಣ ಕಟ್ಟುತ್ತಾರೆ. ಬೋಟಿನ ಮಾಡಿಗೆ, ಬದಿಗೆ ಹೊದಿಸುವುದು ಸಂಹಿತೆಯಲ್ಲಿ ನಿಷಿದ್ಧ, ಕೋಲಿಗೆ ನೇರ ಕಟ್ಟಿ. ಉಪ್ಪುನೀರಿಗೆ ಹರಿದದ್ದನ್ನು ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಬಿಸಾಡುವುದು ಬೇಡ.

ಆದರೆ ಕಡಲಿನವನ ದೇಶಭಕ್ತಿ ಬೇರೆ ಕಡೆ ಉಂಟು. 2008ರ ನವೆಂಬರಿನಲ್ಲಿ ಮುಂಬಯಿಗೆ ದಾಳಿಕೋರರು ಬಂದದ್ದು ಕುಬೇರ್ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡು. ಅಂದಿನಿಂದ ಬಯೋಮೆಟ್ರಿಕ್ ಕಾರ್ಡು, ಬೋಟಿನ ನೋಂದಣಿ ಪತ್ರ ಇಲ್ಲದೆ ಹೊರಡಬಾರದು. ತಂಡೇಲ (ಬೋಟಿನ ಮುಖ್ಯಸ್ಥ) ಎಲ್ಲರ ಕಾರ್ಡು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ವೀಲ್ ಹೌಸಿನಲ್ಲಿ (ಬೋಟು ನಡೆಸುವ ಕೋಣೆಯಲ್ಲಿ) ಇಡಬೇಕು. ಬದಲಿ ಆಳು ಬಂದಾಗ ಅವನ ಹೆಸರು ಪಟ್ಟಿಗೆ ಸೇರಿಸದಿರುವುದೇ ದೊಡ್ಡ ತಪ್ಪು. ಬೋಟು ಮುಳುಗಿದರೆ ಎಷ್ಟು ಜನ ಅಂತಲೇ ಗೊತ್ತಾಗುವುದಿಲ್ಲ, ಹುಡುಕುವವರು ಯಾವಾಗ ನಿಲ್ಲಿಸಬೇಕು?

ಅನುಮಾನದ ಬೋಟು ಕಂಡರೆ ಹತ್ತಿರ ಹೋಗಬಾರದು, ವಿಡಿಯೊ ಮಾಡಿ ಗ್ರೂಪಿಗೆ ಹಾಕಬಾರದು. ಜಿಪಿಎಸ್‌ನಲ್ಲಿ ಕಾಣುವ ಅಕ್ಷಾಂಶ ರೇಖಾಂಶ, ಹೊತ್ತು, ಬೋಟಿನ ಬಣ್ಣ, ಸಂಖ್ಯೆ, ಯಾವ ದಿಕ್ಕಿಗೆ ಹೋಯಿತು, ಇಷ್ಟನ್ನು ಕರಾವಳಿ ಕಾವಲು ಪೊಲೀಸರ 1093ಕ್ಕೆ ತಿಳಿಸುವುದು. ಅವರ ಕೇಂದ್ರ ಕಚೇರಿ ಇಲ್ಲೇ ಮಲ್ಪೆಯಲ್ಲಿ ಉಂಟು. ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡಿನ 1554. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಬೋಟಿನ ವಯರ್‌ಲೆಸ್ ಸೆಟ್ಟಿನ ವಿಎಚ್‌ಎಫ್ 16ನೇ ಚಾನೆಲ್. ಅದರಲ್ಲಿ ಪದ್ಯ ಹಾಕುವುದು, ಹರಟುವುದು ಮಾಡಿದರೆ ಮುಳುಗುವವನ ಕೂಗು ಕೇಳುವುದಿಲ್ಲ.

ಇನ್ನೊಂದು, ಕಹಿ ಮಾತು. ಯಾಂತ್ರಿಕ ಬೋಟಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. ಎಲ್‌ಇಡಿ ಬೆಳಕು ಹಾಕಿ ಹಿಡಿಯುವುದು, ಎರಡು ಬೋಟು ಕೂಡಿ ಎಳೆಯುವ ಬುಲ್ ಟ್ರಾಲ್ 2017ರಿಂದ ಕೇಂದ್ರವೇ ನಿಷೇಧಿಸಿದೆ. ಬೆಳಕಿಗೆ ಮರಿ ಬೂತಾಯಿ, ಮರಿ ಬಂಗುಡೆ ಎಲ್ಲ ಮೇಲೆ ಬರುತ್ತವೆ. ಮಾರ್ಕೆಟಿಗೆ ಆಗದ್ದು ಮೀನಿನ ಹುಡಿ ಮಾಡುವ ಫಿಶ್‌ಮೀಲಿಗೆ ಹೋಗುತ್ತದೆ, ಬರುವ ವರ್ಷ ನಾಡದೋಣಿಯವನ ಬಲೆ ಖಾಲಿ. ಬೋಟಿಗೆ ಬಾವುಟ ಕಟ್ಟಿ ರಾತ್ರಿ ಜನರೇಟರ್ ಹೊತ್ತಿಸುವವರನ್ನು ಏನು ಹೇಳುವುದು?

ಕುಂದಾಪ್ರ ಕಾಣಿ:
ದಕ್ಕೆ ಅಣ್ಣ ಸಮಾ ಹೇಳಿದ್ರ್ ಕಾಣಿ. ಹಳ್ಳಿ ಬದಿಯವರಿಗೆ ನನ್ನದು ಒಂದೇ ಮಾತು, ಗ್ರಾಮಸಭೆಗೆ ಹೋಯ್ನಿ. ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಸಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಉಂಟು, ಅದಕ್ಕೂ ಮುಂಚೆ ವಾರ್ಡ್ ಸಭೆ. ವಾರ್ಡ್ ಸಭೆಯಲ್ಲಿ ಹೇಳದೆ ನೇರ ಗ್ರಾಮಸಭೆಯಲ್ಲಿ ಕೂಗಿದರೆ ಕೆಲಸ ಪಟ್ಟಿಗೆ ಸೇರುವುದು ಕಷ್ಟ. ಬಾಯಲ್ಲಿ ಹೇಳಿ ಬರಬೇಡಿ, ಅರ್ಧ ಹಾಳೆಯಲ್ಲಿ ಬರೆದು ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಸ್ವೀಕೃತಿ ಹಾಕಿಸಿ. ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಿದ್ದಾರಾ ಕಾಣಿ. ಸಹಿ ಖಾಲಿ ಹಾಳೆಗೆ ಹಾಕಬೇಡಿ, ಇದನ್ನು ಎರಡು ಸಲ ಓದಿ.

ಅರ್ಜಿ ಬರೆಯುವವ:
ಪೇಟೆಯವರಿಗೆ ಅದರ ಬದಲಿಗೆ ಮಾಹಿತಿ ಹಕ್ಕು, 2005ರ ಕಾಯ್ದೆ. ದೇಶ ಹಾಳಾಯಿತು ಎಂದು ಬರೆಯುವವರು ದಿನಾ ಸಿಗುತ್ತಾರೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚುವವರು ಸಿಗುವುದಿಲ್ಲ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಇದನ್ನು ಮೀರಿದ್ದಕ್ಕೇ ವಾಪಸು ಬರುವ ಅರ್ಜಿಗಳುಂಟು. "ಚರಂಡಿ ಯಾಕೆ ಸರಿ ಇಲ್ಲ" ಎಂದು ಕೇಳಬಾರದು; ಯಾಕೆ ಎಂಬುದಕ್ಕೆ ಕಡತದಲ್ಲಿ ಉತ್ತರ ಇರುವುದಿಲ್ಲ, ಅಧಿಕಾರಿ ಅಭಿಪ್ರಾಯ ಕೊಡಬೇಕಾಗಿಯೂ ಇಲ್ಲ. ದಾಖಲೆ ಕೇಳಿ: ಇಂಥ ರಸ್ತೆಯ, ಇಂಥ ವರ್ಷದ ಚರಂಡಿ ಕಾಮಗಾರಿಯ ಅಂದಾಜುಪಟ್ಟಿ, ಗುತ್ತಿಗೆ ಕರಾರು, ಅಳತೆ ಪುಸ್ತಕ, ಪಾವತಿಸಿದ ಬಿಲ್ಲು ಇವುಗಳ ಪ್ರತಿ. ಪುಟಕ್ಕೆ 2 ರೂಪಾಯಿ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಚರಂಡಿಯ ಹತ್ತಿರ ಹೋಗಿ. ಪುಸ್ತಕದಲ್ಲಿ 60 ಸೆಂ.ಮೀ. ಆಳ ಎಂದಿದ್ದು ನೆಲದಲ್ಲಿ 40 ಇದ್ದರೆ ನಿಮ್ಮ ಹತ್ತಿರ ದೂರು ಇದೆ, ಇಲ್ಲದಿದ್ದರೆ ಬರೇ ಸಿಟ್ಟು ಇದೆ. ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ನೋಡಿ. ಆ ಅವಧಿಯೊಳಗೆ ಒಡೆದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಅದನ್ನು ಯಾರೂ ಕೇಳದ ಕಾರಣ ಹೊಸ ಟೆಂಡರು ಆಗುತ್ತದೆ, ಆ ದುಡ್ಡು ನಮ್ಮ ತೆರಿಗೆ.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಇಲಾಖೆ ತಪ್ಪಿ ಕಳುಹಿಸಿದ್ದರೆ ಐದು ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸುವುದು ಅವರದೇ ಕೆಲಸ. ಒಂದು ಎಚ್ಚರಿಕೆ: ಪಕ್ಕದ ಮನೆಯವರ ಮೇಲಿನ ಸೇಡಿಗೆ ಇದನ್ನು ಬಳಸುವವರಿಂದಲೇ ಕಾಯ್ದೆಗೆ ಕೆಟ್ಟ ಹೆಸರು.

ಪಿಗ್ಮಿ ಲೆಕ್ಕ:
ಈ ಊರಿಗೆ ಹಳೆಯದೊಂದು ಮೇಲ್ಪಂಕ್ತಿ ಉಂಟು. ಸ್ವದೇಶಿ ಚಳವಳಿಯ ಕಾಲ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಒಂದೊಂದು ಬ್ಯಾಂಕು ಕಟ್ಟಿದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಸುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ, ಮನೆ ಬಾಗಿಲಿಗೆ ಹೋಗಿ. ನೇಕಾರನ ಎರಡಾಣೆ ಇನ್ನೊಬ್ಬನ ಬಂಡವಾಳ ಆಯಿತು. ಕಾರ್ಯಕ್ರಮದ ಭಾಷಣಕಾರರು ಬ್ರಿಟಿಷರ ವಿರುದ್ಧ ದಂಗೆಯೆದ್ದವರು 1837ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ ಕಥೆ ಹೇಳುತ್ತಾರೆ, ಹೇಳಲಿ. ಆದರೆ ಆಸ್ತಿಯೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಹೋದ ಕಾರ್ನಾಡು ಸದಾಶಿವ ರಾಯರ ಹೆಸರೇ ಕೆ.ಎಸ್. ರಾವ್ ರಸ್ತೆ ಅಂತ ಆ ರಸ್ತೆಯಲ್ಲಿ ದಿನಾ ಹೋಗುವವರಿಗೇ ಗೊತ್ತಿಲ್ಲ.

ಜಪ್ಪಿನ ತರ್ಕ:
ಕಸದ ಡಬ್ಬಿಯ ಪರ ಯಾರೂ ಮಾತಾಡಲಿಲ್ಲವಲ್ಲ, ನಾನೇ ಹೇಳ್ತೇನೆ. 2019ರ ಆಗಸ್ಟಿನಲ್ಲೇ, ಸ್ವಾತಂತ್ರ್ಯೋತ್ಸವದ ತಿಂಗಳಲ್ಲೇ, ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಬಂತು. ಆ ಗುಡ್ಡದಲ್ಲಿ ಇದ್ದದ್ದು ಬೇರೆ ಯಾವ ದೇಶದ ಕಸವೂ ಅಲ್ಲ. ಹಸಿ ಕಸ ಒಣ ಕಸದ ಜೊತೆ ಸೇರಿದಾಗ ನೀರು ಹಿಡಿದು ತೂಕ ಏರುತ್ತದೆ, ಪ್ಲಾಸ್ಟಿಕಿನ ಪದರದ ಮೇಲೆ ಜಾರುತ್ತದೆ.

ಫ್ಲ್ಯಾಟಿನಲ್ಲಿ ಗೊಬ್ಬರ ಮಾಡುವುದಾದರೆ ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒಣ ತರಗೆಲೆ ಅಥವಾ ತೆಂಗಿನ ನಾರಿನ ಹುಡಿ. ನಮ್ಮ ತೇವಕ್ಕೆ ಮಳೆಗಾಲದಲ್ಲಿ ಒಂದೂವರೆ. ವಾಸನೆ ಬಂದರೆ ನೀರು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು ಎಂದು ಅರ್ಥ. ಮಗುಚಿ ಒಣಗಿದ್ದು ಹಾಕಿ. ಮೀನಿನ ತಲೆ, ಸಿಗಡಿ ಸಿಪ್ಪೆ ಮೇಲೆ ಹಾಕಿದರೆ ನೊಣ, ನಾಯಿ. ನಡುವೆ ಹೂತು ನಾಲ್ಕು ಇಂಚು ಮುಚ್ಚಿ. ತರಗೆಲೆ ಡಿಸೆಂಬರಿನಿಂದಲೇ ಗೋಣಿಯಲ್ಲಿ ಕೂಡಿಡಬೇಕು, ಆಗಸ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೊಂಡದ ಚಿಪ್ಪು ಕವುಚಿ ಹಾಕಿ ಅಥವಾ ಒಡೆದು ಹಾಕಿ. ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಸುಮಾರು ಏಳರಿಂದ ಹತ್ತು ದಿನ ಬೇಕು, ವಾರಕ್ಕೊಂದು ದಿನ ತಾರಸಿ, ಹೂಕುಂಡದ ತಟ್ಟೆ ಎಲ್ಲ ಬರಿದು ಮಾಡಿದರೆ ಡೆಂಗ್ಯೂ ಸೊಳ್ಳೆಯ ಸರಣಿ ತುಂಡಾಗುತ್ತದೆ. ಒಂದು ಫ್ಲ್ಯಾಟ್ ತಪ್ಪಿಸಿದರೆ ಕಟ್ಟಡಕ್ಕೆಲ್ಲ ತಾಪತ್ರಯ.

ಪಿಟಿ ಮಾಸ್ಟ್ರು:
ತರ್ಕದವರೇ, ನಿಮ್ಮ ತರಗೆಲೆ ಲೆಕ್ಕವೂ ನನ್ನ ಜೀರುಗಂಟೂ ಒಂದೇ ಜಾತಿಯದ್ದು. ಬಟ್ಟೆ ಅಂತ ಹಗುರ ಮಾಡಬೇಡಿ. ಬಾವುಟ ನೆಲಕ್ಕೆ ತಾಗಬಾರದು ಅಂತ ಜಾಗ್ರತೆ ಕಲಿತ ಮಗುವಿಗೆ ಚರಂಡಿಗೆ ಕವರು ಎಸೆಯಬಾರದು ಅಂತ ಹೇಳುವುದು ಸುಲಭ. ಕಲಿಸುವ ಮಾಸ್ಟ್ರು ಎಸೆಯದಿದ್ದರೆ, ಅಷ್ಟೇ.

ಕೊಟ್ಟಾರದ ಕಾರ್ಯದರ್ಶಿ:
ಎಲ್ಲರಿಗೂ ಉಪಕಾರ. ಸಭೆಯಲ್ಲಿ ಇಡುವುದು ಹೀಗೆ: ಕಂಬ ಹಾಕುವುದು, ಆದರೆ 20 ಅಡಿಯದ್ದೇ, ಸಂಘದಲ್ಲಿ ಮೊದಲು ಮಾತಾಡಿದ್ದ 40 ಅಡಿಯದ್ದು ಬೇಡ. ಉಳಿದ ದುಡ್ಡಿಗೆ ಗೊಬ್ಬರದ ಡಬ್ಬಿ ಎರಡು. ಧ್ವಜಾರೋಹಣದ ಮೇಜಿನ ಪಕ್ಕ ನಮೂನೆ 6, 7, 8. ರಕ್ತದಾನ ಆಗಸ್ಟಿನಲ್ಲಿ ಅಲ್ಲ, ರಕ್ತನಿಧಿಯವರನ್ನು ಕೇಳಿ ಮೇ ತಿಂಗಳಿಗೆ. ಚರಂಡಿ ಅರ್ಜಿಗೆ ಸಹಿ ಹಾಕಲು ಇನ್ನೂ ಯಾರೂ ಮುಂದೆ ಬಂದಿಲ್ಲ, ನನ್ನ ಹೆಸರಲ್ಲೇ ಹಾಕುತ್ತೇನೆ. ಮಾಸ್ಟ್ರೇ, ಕೊನೆಯದಾಗಿ, ಕಂಬ ಈ ಶನಿವಾರ ನಿಲ್ಲಿಸಿದರೆ 15ಕ್ಕೆ ಕಾಂಕ್ರೀಟ್ ಗಟ್ಟಿಯಾಗುತ್ತದಾ?

ಪಿಟಿ ಮಾಸ್ಟ್ರು:
ಏಳು ದಿನ ಸಿಕ್ಕಿದರೆ ಈ ಎತ್ತರಕ್ಕೆ ಸಾಕು. ಸುರಿದ ಮೊದಲ ದಿನ ಮೇಲೆ ತಗಡು ಮುಚ್ಚಿ, ಇಲ್ಲದಿದ್ದರೆ ಮಳೆಗೆ ಸಿಮೆಂಟಿನ ಹಾಲು ತೊಳೆದು ಹೋಗುತ್ತದೆ. ಕಂಬ ನೇರ ಇದೆಯಾ ಅಂತ ತೂಗುಗುಂಡಿನಲ್ಲಿ ಎರಡು ಬದಿಯಿಂದ ನೋಡಿ, ಮೂರು ಕಡೆಗೆ ಹಗ್ಗ ಬಿಗಿದು ನಾಲ್ಕು ದಿನ ಬಿಚ್ಚಬೇಡಿ. ಮತ್ತೆ ರಾಟೆಗೆ ಗ್ರೀಸು ಹಚ್ಚುವುದು ಕಂಬ ನಿಲ್ಲಿಸುವ ಮೊದಲು. ಆಮೇಲೆ ನೆನಪಾದರೆ ಏಣಿ ಸಿಗುವುದಿಲ್ಲ.